ಕರೆಂಟ್ ಎಲ್ಲಿಗೆ ಹೋಯಿತು? ಒಂದು ವಿಜ್ಞಾನ ತರಗತಿ, ಒಬ್ಬ ಶಿಕ್ಷಕಿಯ ಬೆಳವಣಿಗೆ

ಇದು ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕಿಯ ಪ್ರಕರಣ. ಅವರ ಹೆಸರನ್ನೂ ಶಾಲೆಯ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ, ಮೇಡಂ ಎಂದಷ್ಟೇ ಕರೆಯುತ್ತೇನೆ. ವಿದ್ಯುತ್ ಪಾಠ ನಡೆದಷ್ಟು ದಿನ ಅವರ ಒಪ್ಪಿಗೆ ಪಡೆದು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಪ್ರತಿ ತರಗತಿ ಮುಗಿದ ಮೇಲೆ ಇಬ್ಬರೂ ಕೂತು ಮಾತಾಡುತ್ತಿದ್ದೆವು. ಮಕ್ಕಳು ಏನು ಕಲಿತರು ಎನ್ನುವುದಕ್ಕಿಂತ, ಮಕ್ಕಳ ಕೈಗೆ ಸಾಧನ ಹೋದಾಗ ಶಿಕ್ಷಕಿ ಏನು ಕಲಿತರು ಎನ್ನುವುದು ಈ ಬರಹದ ವಿಷಯ. ಆ ಭಾಗವನ್ನು ನಾವು ಬರೆದಿಡುವುದು ಕಡಿಮೆ.

ಮೊದಲಿನ ಸ್ಥಿತಿ

ಮೇಡಂ ತಂತ್ರಜ್ಞಾನಕ್ಕೆ ಹೊಸಬರೇನಲ್ಲ. ಪಾಠಕ್ಕೊಂದು ಸ್ಲೈಡ್ ಕಟ್ಟು, ಎರಡು ಮೂರು ವಿಡಿಯೊ, ಕೊನೆಗೆ ಮೊಬೈಲಿನಲ್ಲಿ ಒಂದು ಕ್ವಿಜ್. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ತರಗತಿಯಲ್ಲಿ ಶಿಸ್ತು ಇತ್ತು, ಫಲಿತಾಂಶ ಚೆನ್ನಾಗಿತ್ತು. ಆದರೆ ಪರದೆಯ ಮೇಲೆ ಏನು ಬರಬೇಕು, ಯಾವಾಗ ಬರಬೇಕು ಎನ್ನುವುದೆಲ್ಲ ಅವರ ಕೈಯಲ್ಲೇ ಇತ್ತು. ಮಕ್ಕಳು ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಪರದೆ ಬಂದಿದ್ದರೂ ಪಾಠದ ಸ್ವರೂಪ ಕರಿಹಲಗೆಯ ಕಾಲದ್ದೇ ಆಗಿತ್ತು.

ಅವರನ್ನು ಕಾಡಿದ್ದು ಒಂದು ಸಣ್ಣ ಪ್ರಶ್ನೆ. ಹಿಂದಿನ ವರ್ಷ ಪಾಠವೆಲ್ಲ ಮುಗಿದ ಮೇಲೆ ಹಲಗೆಯ ಮೇಲೆ ಒಂದು ಬ್ಯಾಟರಿ, ಅದಕ್ಕೆ ಸಾಲಾಗಿ ಜೋಡಿಸಿದ ಒಂದೇ ತರಹದ ಎರಡು ಬಲ್ಬ್‌ಗಳ ಚಿತ್ರ ಬರೆದರು. ಯಾವ ಬಲ್ಬ್ ಜಾಸ್ತಿ ಬೆಳಗುತ್ತದೆ ಎಂದು ಕೇಳಿದರು. ಓಮನ ನಿಯಮದ ಲೆಕ್ಕಗಳನ್ನು ಸರಿಯಾಗಿ ಬಿಡಿಸುತ್ತಿದ್ದ ಮಕ್ಕಳೇ, 'ಬ್ಯಾಟರಿಗೆ ಹತ್ತಿರ ಇರೋದು ಮಿಸ್, ಅದಕ್ಕೆ ಮೊದಲು ಕರೆಂಟ್ ಸಿಗುತ್ತೆ' ಎಂದರು. ಕರೆಂಟನ್ನು ಮೊದಲನೆಯ ಬಲ್ಬ್ ತಿಂದುಹಾಕುತ್ತದೆ, ಉಳಿದದ್ದು ಎರಡನೆಯದಕ್ಕೆ. ಲೆಕ್ಕ ಒಂದು ಕಡೆ, ನಂಬಿಕೆ ಇನ್ನೊಂದು ಕಡೆ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಕೂತಿದ್ದವು.

ಇದು ಒಂದು ತರಗತಿಯ ಕಥೆ ಮಾತ್ರ ಅಲ್ಲ. ನ್ಯೂಜಿಲೆಂಡಿನ ರೋಜರ್ ಆಸ್ಬರ್ನ್ ಮತ್ತು ಇತರ ಸಂಶೋಧಕರು 1980ರ ದಶಕದಲ್ಲಿ ಮಕ್ಕಳ ಜೊತೆ ಮಾತಾಡಿ ಇಂಥ ನಂಬಿಕೆಗಳನ್ನು ಗುರುತಿಸಿದ್ದರು. ಕೆಲವು ಮಕ್ಕಳಿಗೆ ಒಂದೇ ತಂತಿ ಸಾಕು, ಎರಡನೆಯದು ಸುಮ್ನೆ. ಕೆಲವರಿಗೆ ಎರಡೂ ತುದಿಯಿಂದ ಕರೆಂಟ್ ಬಂದು ಬಲ್ಬಿನೊಳಗೆ ಡಿಕ್ಕಿ ಹೊಡೆದು ಬೆಳಕಾಗುತ್ತದೆ. ಇನ್ನು ಕೆಲವರಿಗೆ ಕರೆಂಟ್ ಹೋಗ್ತಾ ಹೋಗ್ತಾ ಕಡಿಮೆಯಾಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಇದೇ ಉತ್ತರಗಳು ಸಿಕ್ಕಿವೆ. ಮಕ್ಕಳು ದಡ್ಡರು ಎಂದು ಇದರ ಅರ್ಥವಲ್ಲ. ಬ್ಯಾಟರಿ ಖಾಲಿಯಾಗುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಏನೋ ಒಂದು ಮುಗಿಯುತ್ತದೆ ಎಂದು ಅಂದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಬಲ್ಬ್ ಪಡೆಯುವುದು ಶಕ್ತಿಯನ್ನು. ಕರೆಂಟ್ ಮಾತ್ರ ಬಲ್ಬಿನ ಈಚೆಗೂ ಆಚೆಗೂ ಅಷ್ಟೇ ಇರುತ್ತದೆ. ಈ ವ್ಯತ್ಯಾಸ ಬರೀ ಹೇಳಿದರೆ ತಲೆಗೆ ಹೋಗುವಂಥದ್ದಲ್ಲ.

ಮೊದಲ ಪ್ರಯತ್ನ: ಹೆಜ್ಜೆ ಹೆಜ್ಜೆಗೂ ಸೂಚನೆ

ಈ ವರ್ಷ ಮೇಡಂ ಸಿಮ್ಯುಲೇಶನ್, ಅಂದರೆ ಪ್ರಯೋಗವನ್ನು ಪರದೆಯ ಮೇಲೆ ಅನುಕರಿಸುವ ಪ್ರೋಗ್ರಾಂ, ಬಳಸಲು ನಿರ್ಧರಿಸಿದರು. ಆರಿಸಿಕೊಂಡದ್ದು ಫೆಟ್ ಸಂಗ್ರಹದ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ ಶುರು ಮಾಡಿದ ಯೋಜನೆ ಇದು. ದುಡ್ಡು ಕೊಡಬೇಕಿಲ್ಲ. ಬ್ಯಾಟರಿ, ತಂತಿ, ಬಲ್ಬ್, ಸ್ವಿಚ್ಚುಗಳನ್ನು ಬೆರಳಲ್ಲಿ ಎಳೆದು ಜೋಡಿಸಬಹುದು. ಸರ್ಕ್ಯೂಟ್ ಪೂರ್ತಿಯಾದ ತಕ್ಷಣ ತಂತಿಯೊಳಗೆ ಎಲೆಕ್ಟ್ರಾನ್‌ಗಳು ಸಾಲುಗಟ್ಟಿ ಚಲಿಸುವುದು ಕಾಣುತ್ತದೆ.

ಟ್ಯಾಬ್‌ಗಳು ಕಡಿಮೆ ಇದ್ದವು. ಗುಂಪಿಗೊಂದು ಬಂತು. ಮೇಡಂ ಒಂದು ಉದ್ದದ ಕಾರ್ಯಹಾಳೆ ಮಾಡಿಕೊಂಡು ಬಂದಿದ್ದರು. ಬ್ಯಾಟರಿ ತೆಗೆದುಕೊಳ್ಳಿ, ತಂತಿ ಜೋಡಿಸಿ, ಬಲ್ಬ್ ಇಡಿ, ಕರೆಂಟ್ ಅಳೆಯುವ ಅಮ್ಮೀಟರ್ ಹಾಕಿ, ಅಂಕಿ ಬರೆಯಿರಿ. ಎಲ್ಲೂ ದಾರಿ ತಪ್ಪದ ಹಾಗೆ ಬರೆದ ಹಾಳೆ.

ಮಕ್ಕಳು ದಾರಿ ತಪ್ಪಲಿಲ್ಲ. ಬೇಗ ಮುಗಿಸಿ ಹಾಳೆ ಕೊಟ್ಟರು. ಅಂಕಿಗಳೆಲ್ಲ ಸರಿ. ಆಮೇಲೆ ಮೇಡಂ ಅದೇ ಹಳೆಯ ಪ್ರಶ್ನೆ ಕೇಳಿದರು. ಹೆಚ್ಚಿನವರದು ಅದೇ ಹಳೆಯ ಉತ್ತರ. 0.45 ಆಂಪಿಯರ್ ಎಂದು ಎರಡು ಕಡೆ ತಾವೇ ಬರೆದ ಹಾಳೆ ಮುಂದಿತ್ತು. ಅದು ಯಾರ ನಂಬಿಕೆಯನ್ನೂ ಅಲುಗಿಸಿರಲಿಲ್ಲ.

ಒಂದು ಗುಂಪು ಮಾತ್ರ ಹಾಳೆ ಬಿಟ್ಟು ಬೇರೆ ಏನೋ ಮಾಡುತ್ತಿತ್ತು. ಬಲ್ಬ್ ತೆಗೆದು ಬ್ಯಾಟರಿಯ ಎರಡು ತುದಿಗೆ ನೇರ ತಂತಿ ಹಾಕಿದರು. ಬ್ಯಾಟರಿಗೆ ಬೆಂಕಿ ಹತ್ತಿಕೊಂಡಿತು. ಆ ಸಿಮ್ಯುಲೇಶನ್‌ನಲ್ಲಿ ಕರೆಂಟ್ ಮಿತಿ ಮೀರಿದರೆ ಹಾಗೆ ಬೆಂಕಿ ಕಾಣಿಸುತ್ತದೆ. ಸುದ್ದಿ ಕ್ಷಣದಲ್ಲಿ ತರಗತಿಯೆಲ್ಲ ಹಬ್ಬಿತು. ಎಲ್ಲ ಟ್ಯಾಬ್‌ಗಳಲ್ಲೂ ಬೆಂಕಿ. ಮೇಡಂ ಟ್ಯಾಬ್ ವಾಪಸ್ ಪಡೆದು ಪಾಠ ನಿಲ್ಲಿಸಿದರು.

ಅವತ್ತು ಸಂಜೆಯ ಮಾತುಕತೆಯಲ್ಲಿ ಅವರು ಬೇಸರದಲ್ಲಿದ್ದರು. 'ಇದಕ್ಕಿಂತ ವಿಡಿಯೊನೇ ವಾಸಿ, ಗಲಾಟೆನಾದ್ರೂ ಇರಲ್ಲ' ಎಂದರು. ಬೆಂಕಿ ಹಚ್ಚಿದ ಗುಂಪು ಏನು ಮಾತಾಡುತ್ತಿತ್ತು ಎಂಬುದನ್ನು ನಾನು ಹಿಂದೆ ಕೂತು ಬರೆದುಕೊಂಡಿದ್ದೆ. ಅದನ್ನು ಓದಿದೆ. 'ಬಲ್ಬ್ ಇದ್ದಾಗ ಯಾಕೆ ಬೆಂಕಿ ಬರಲ್ಲ?' 'ಬಲ್ಬ್ ಕರೆಂಟ್ ತಡೀತದೆ ಕಣೋ.' 'ಹಾಗಾದ್ರೆ ಎರಡು ಬಲ್ಬ್ ಹಾಕಿದ್ರೆ ಇನ್ನೂ ತಡೀತದೆ.' 'ಹಾಕಿ ನೋಡು.' ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಎಂಬ ಪರಿಕಲ್ಪನೆಗೆ ಆ ದಿನ ತರಗತಿಯಲ್ಲಿ ಯಾರಾದರೂ ಹತ್ತಿರ ಹೋಗಿದ್ದರೆ ಅದು ಈ ಗುಂಪು. ಮೇಡಂ ಅದನ್ನು ಎರಡು ಸಲ ಓದಿಸಿ ಕೇಳಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇಂದಿಗೂ ಮುಖ್ಯ ಅನಿಸುತ್ತದೆ: 'ಈ ಮಾತು ನನಗ್ಯಾಕೆ ಕೇಳಿಸಲಿಲ್ಲ?'

ಕೇಳಿಸದಿರಲು ಕಾರಣ ಸರಳ. ಇಡೀ ಅವಧಿ ಅವರು ಹಾಳೆಯ ಹಿಂದೆ ಓಡುತ್ತಿದ್ದರು. ಯಾವ ಗುಂಪು ಎಷ್ಟನೇ ಹೆಜ್ಜೆಯಲ್ಲಿದೆ, ಯಾರು ಹಿಂದೆ ಬಿದ್ದಿದ್ದಾರೆ ಎಂದು ನೋಡುವುದರಲ್ಲೇ ಗಮನವೆಲ್ಲ ಹೋಗಿತ್ತು. ಸಾಧನ ಮಕ್ಕಳ ಕೈಗೆ ಹೋಗಿತ್ತು ನಿಜ. ಯೋಚಿಸುವ ಕೆಲಸ ಮಾತ್ರ ಹಾಳೆಯಲ್ಲೇ ಉಳಿದಿತ್ತು. ಫೆಟ್ ತಂಡದವರೇ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ನೋಡಿದೆ. ಹೆಜ್ಜೆ ಹೆಜ್ಜೆಗೂ ಸೂಚನೆ ಕೊಟ್ಟಾಗ ಕಲಿಯುವವರು ಕೇಳಿದ್ದಷ್ಟನ್ನೇ ಮಾಡಿ ನಿಲ್ಲಿಸುತ್ತಾರೆ, ತೆರೆದ ಪ್ರಶ್ನೆ ಕೊಟ್ಟಾಗ ತಾವಾಗಿಯೇ ಹುಡುಕುತ್ತಾರೆ ಎನ್ನುವುದು ಅದರ ತಿರುಳು.

ಎರಡನೆಯ ಪ್ರಯತ್ನ: ಮೊದಲು ಊಹೆ

ಮುಂದಿನ ತರಗತಿಗೆ ಮೇಡಂ ಹಾಳೆ ತರಲಿಲ್ಲ. ಹಲಗೆಯ ಮೇಲೆ ಎರಡು ಬಲ್ಬಿನ ಚಿತ್ರ ಬರೆದರು. ಟ್ಯಾಬ್ ಮುಟ್ಟುವ ಮೊದಲು ಪ್ರತಿಯೊಬ್ಬರೂ ಒಂಟಿಯಾಗಿ ತಮ್ಮ ಊಹೆ ಬರೆಯಬೇಕು, ಕಾರಣದ ಸಮೇತ. ಆಮೇಲೆ ಕಟ್ಟಿ ನೋಡಬೇಕು. ಊಹೆ ಮತ್ತು ನೋಡಿದ್ದು ಹೊಂದದಿದ್ದರೆ ಯಾಕೆ ಎಂದು ಗುಂಪಿನಲ್ಲಿ ಮಾತಾಡಬೇಕು. ಆಸ್ಟ್ರೇಲಿಯಾದ ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಬೆಳೆಸಿದ ವಿಧಾನ ಇದು: ಊಹಿಸು, ಗಮನಿಸು, ವಿವರಿಸು. ಹೊಸದೇನಲ್ಲ, ಡಿಜಿಟಲ್ ಕೂಡ ಅಲ್ಲ. ಆದರೆ ಸಿಮ್ಯುಲೇಶನ್ ಇದ್ದಾಗ 'ಗಮನಿಸು' ಎನ್ನುವ ಹಂತ ಕೆಲವೇ ಕ್ಷಣದ್ದು. ತಪ್ಪಾದರೆ ಅಳಿಸಿ ಮತ್ತೆ ಕಟ್ಟಬಹುದು. ಹಾಗಾಗಿ ಉಳಿದ ಸಮಯವೆಲ್ಲ ವಿವರಿಸುವುದಕ್ಕೆ ಸಿಕ್ಕಿತು.

ಊಹೆ ಬರೆಸುವುದಕ್ಕೆ ಇಷ್ಟೊಂದು ಮಹತ್ವ ಯಾಕೆ? ಬರೆಯದೆ ನೋಡಿದರೆ, ನೋಡಿದ ಮೇಲೆ ಎಲ್ಲರೂ 'ನಾನೂ ಹಾಗೇ ಅಂದ್ಕೊಂಡಿದ್ದೆ' ಅನ್ನುತ್ತಾರೆ, ಅಲ್ವಾ? ಬರೆದ ಊಹೆ ಕಣ್ಣ ಮುಂದೆ ಇದ್ದರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ಆಗ ಆಶ್ಚರ್ಯ ಹುಟ್ಟುತ್ತದೆ. ಆ ದಿನ ತರಗತಿಯಲ್ಲಿ ಆದದ್ದು ಅದೇ.

ಎರಡೂ ಬಲ್ಬ್ ಸಮನಾಗಿ ಬೆಳಗಿದವು. ಒಬ್ಬ ಹುಡುಗ ಒಪ್ಪಲಿಲ್ಲ. ಬಲ್ಬ್‌ಗಳನ್ನು ಅದಲು ಬದಲು ಮಾಡಿದ. ಬ್ಯಾಟರಿ ತಿರುಗಿಸಿದ. ತಂತಿ ಉದ್ದ ಮಾಡಿದ. ಏನು ಮಾಡಿದರೂ ಸಮ. ಕೊನೆಗೆ ಅಮ್ಮೀಟರ್ ಹಾಕಿದ. ಬ್ಯಾಟರಿ 9 ವೋಲ್ಟ್, ಪ್ರತಿ ಬಲ್ಬಿನ ರೋಧ 10 ಓಮ್. ಒಂದೇ ಬಲ್ಬ್ ಇದ್ದಾಗ 0.90 ಆಂಪಿಯರ್. ಎರಡು ಬಲ್ಬ್ ಸರಣಿಯಲ್ಲಿ, ಅಂದರೆ ಸಾಲಾಗಿ ಒಂದರ ಹಿಂದೆ ಒಂದು, ಇದ್ದಾಗ 0.45. ಮೊದಲ ಬಲ್ಬಿನ ಹಿಂದೆ 0.45, ಎರಡರ ನಡುವೆ 0.45, ಕೊನೆಯಲ್ಲೂ 0.45. ಹಿಂದಿನ ತರಗತಿಯಲ್ಲಿ ಬರೆದು ಮರೆತ ಅದೇ ಅಂಕಿ. ಈ ಸಲ ಅದು ಅವನ ಮಾತಿಗೆ ಎದುರಾಗಿ ನಿಂತಿತ್ತು. 'ಅಂದ್ರೆ ಎರಡನೇ ಬಲ್ಬ್ ಮುಂದೆ ಇದೆ ಅಂತ ಮೊದಲನೇ ಬಲ್ಬಿಗೆ ಮೊದಲೇ ಗೊತ್ತಾ?' ಎಂದು ಕೇಳಿದ.

ಇದು ಎಂಥ ಒಳ್ಳೆಯ ಪ್ರಶ್ನೆ! ಸರ್ಕ್ಯೂಟನ್ನು ಇಡಿಯಾಗಿ ನೋಡಬೇಕು, ಒಂದು ಕಡೆ ಬದಲಾವಣೆಯಾದರೆ ಎಲ್ಲ ಕಡೆ ಕರೆಂಟ್ ಬದಲಾಗುತ್ತದೆ ಎನ್ನುವ ತಿಳಿವಳಿಕೆ ಇಲ್ಲಿಂದಲೇ ಶುರುವಾಗಬೇಕು. ಹಳೆಯ ಮೇಡಂ ಆಗಿದ್ದರೆ ತಕ್ಷಣ ಉತ್ತರ ಹೇಳಿ, ಹಲಗೆಗೆ ತಿರುಗಿ, ಸೂತ್ರ ಬರೆಯುತ್ತಿದ್ದರು. ಈ ಸಲ ಅವರು ಏನೂ ಹೇಳಲಿಲ್ಲ, ಕಾದರು. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡುವ ಮಕ್ಕಳೂ ಹೆಚ್ಚುತ್ತಾರೆ. ಕಾಯುವುದು ಕಷ್ಟದ ಕೆಲಸ. ಮೌನ ಬಿದ್ದರೆ ಪಾಠ ಕೈತಪ್ಪಿತು ಅನಿಸುತ್ತದೆ. ಆ ಮೌನದಲ್ಲಿ ಮೇಡಂ ಸೆರಗಿನ ತುದಿ ಹಿಡಿದು ನಿಂತಿದ್ದರು. ಆಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ, 'ಎಲೆಕ್ಟ್ರಾನ್ ಆಗಲೇ ತಂತಿ ತುಂಬ ಇದಾವೆ, ಎಲ್ಲಾ ಒಟ್ಟಿಗೆ ಹೊರಡ್ತಾವೆ, ಅದಕ್ಕೇ ಎಲ್ಲೇ ತಡೆದರೂ ಎಲ್ಲಾ ನಿಧಾನ ಆಗ್ತಾವೆ' ಎಂದಳು. ಸರ್ಕ್ಯೂಟ್ ಬಿಚ್ಚಿದಾಗಲೂ ತಂತಿಯೊಳಗೆ ಎಲೆಕ್ಟ್ರಾನ್‌ಗಳು ಸುಮ್ಮನೆ ನಿಂತಿರುವುದನ್ನು ಅವಳು ಪರದೆಯಲ್ಲಿ ಗಮನಿಸಿದ್ದಳು. ಹೀಗೆ ನೋಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ದಿನದಿಂದ ಮೇಡಂ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡರು. ಗುಂಪುಗಳ ನಡುವೆ ಓಡಾಡುತ್ತಾ ಮಕ್ಕಳ ಮಾತನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳತೊಡಗಿದರು. ಸರಿ ತಪ್ಪು ಎಂದು ಗುರುತು ಹಾಕುತ್ತಿರಲಿಲ್ಲ. ಸಂಜೆ ಅದನ್ನು ಓದಿ ಮರುದಿನದ ಪ್ರಶ್ನೆ ಆರಿಸುತ್ತಿದ್ದರು. ಎರಡು ಬಲ್ಬನ್ನು ಸಮಾಂತರವಾಗಿ, ಅಂದರೆ ಪ್ರತಿಯೊಂದಕ್ಕೂ ಬೇರೆ ದಾರಿ ಇರುವಂತೆ, ಜೋಡಿಸಿದಾಗ ಬ್ಯಾಟರಿಯಿಂದ 1.8 ಆಂಪಿಯರ್ ಹರಿಯುವುದನ್ನು ಕಂಡು ಒಂದು ಗುಂಪು, 'ಬ್ಯಾಟರಿ ಯಾವಾಗಲೂ ಒಂದೇ ಅಳತೆಯ ಕರೆಂಟ್ ಕೊಡಬೇಕಲ್ವಾ' ಎಂದು ಗೊಂದಲಕ್ಕೆ ಬಿದ್ದಿತ್ತು. ಮರುದಿನದ ಪಾಠ ಅದೇ ಆಯಿತು. ಪಠ್ಯದ ಕ್ರಮ ಸ್ವಲ್ಪ ಹಿಂದೆ ಮುಂದೆ ಆಯಿತು. ಬೆಂಕಿ ಕೂಡ ಪಾಠಕ್ಕೆ ಬಂತು: ಬೆಂಕಿ ಹತ್ತಿಸಲು ಎಷ್ಟು ಬಗೆ ಇದೆ, ಪ್ರತಿಯೊಂದರಲ್ಲೂ ಸಮಾನವಾದದ್ದು ಏನು, ನಿಜವಾದ ಬ್ಯಾಟರಿ ಜೊತೆ ಯಾಕೆ ಹೀಗೆ ಮಾಡಬಾರದು.

'ಇದನ್ನ ಯಾರೋ ಬರೆದಿಟ್ಟಿದ್ದಾರಲ್ವಾ?'

ನನ್ನ ಪ್ರಕಾರ ಈ ಪ್ರಕರಣದ ಹೃದಯ ಇಲ್ಲಿದೆ.

ಒಂದು ದಿನ ಒಬ್ಬ ಹುಡುಗಿ ಕೇಳಿದಳು: 'ಮಿಸ್, ಎಲೆಕ್ಟ್ರಾನ್ ಹೀಗೆ ಓಡ್ತಾವೆ ಅಂತ ತೋರಿಸ್ತಿರೋದು ಆ ಪ್ರೋಗ್ರಾಂ. ಅದನ್ನ ಯಾರೋ ಬರೆದಿಟ್ಟಿದ್ದಾರಲ್ವಾ? ನಿಜವಾಗ್ಲೂ ಹಾಗೇನಾ?'

ಸಿಮ್ಯುಲೇಶನ್ ಒಂದು ಮಾದರಿ. ಕಾಣದ್ದನ್ನು ಕಾಣಿಸುವುದು ಅದರ ಶಕ್ತಿ, ಮಿತಿಯೂ ಅಲ್ಲೇ ಇದೆ. ಅದನ್ನು ಬರೆದವರಿಗೆ ಗೊತ್ತಿರುವ ನಿಯಮವನ್ನಷ್ಟೇ ಅದು ಪಾಲಿಸುತ್ತದೆ. ಹುಡುಗಿಯ ಪ್ರಶ್ನೆಗೆ ಇನ್ನೊಂದು ವಿಡಿಯೊ ತೋರಿಸಿ ಉತ್ತರ ಕೊಡಲು ಬರುವುದಿಲ್ಲ. ಮೇಡಂ ಪ್ರಯೋಗಾಲಯದಿಂದ ನಿಜವಾದ ಸೆಲ್, ಟಾರ್ಚ್ ಬಲ್ಬ್, ಅಮ್ಮೀಟರ್ ತಂದರು. ಬಲ್ಬಿನ ಈಚೆಗೆ ಒಂದು, ಆಚೆಗೆ ಒಂದು ಅಮ್ಮೀಟರ್. ಎರಡೂ ಮುಳ್ಳು ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದವು. ಎರಡು ಕಡೆಯಿಂದ ಕರೆಂಟ್ ಬಂದು ಡಿಕ್ಕಿ ಹೊಡೆಯುತ್ತದೆ ಎಂದು ಇನ್ನೂ ನಂಬಿದ್ದ ಇಬ್ಬರು ಮಕ್ಕಳು ಅವತ್ತು ಅದನ್ನು ಬಿಟ್ಟರು. ಡಿಕ್ಕಿ ನಿಜವಾಗಿದ್ದರೆ ಒಂದು ಮುಳ್ಳು ಹಿಂದಕ್ಕೆ ಹೋಗಬೇಕಿತ್ತು.

ಆದರೆ ಅಲ್ಲೇ ಇನ್ನೊಂದು ತೊಡಕು ಎದ್ದಿತು. ಟ್ಯಾಬಿನಲ್ಲಿ ಎರಡು ಬಲ್ಬ್ ಸರಣಿಯಲ್ಲಿ ಹಾಕಿದರೆ ಕರೆಂಟ್ ಸರಿಯಾಗಿ ಅರ್ಧಕ್ಕೆ ಇಳಿಯುತ್ತಿತ್ತು. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಬಂತು. ಮತ್ತೆ ಅಳೆದರು, ಬಲ್ಬ್ ಬದಲಿಸಿದರು. ಆಗಲೂ ಜಾಸ್ತಿಯೇ. ಒಬ್ಬ 'ಟ್ಯಾಬ್ ಸುಳ್ಳು' ಎಂದ. ಇನ್ನೊಬ್ಬ 'ಮೀಟರ್ ಕೆಟ್ಟಿದೆ' ಎಂದ. ಎಲ್ಲರೂ ಮೇಡಂ ಮುಖ ನೋಡಿದರು.

'ನನಗೆ ಗೊತ್ತಿಲ್ಲ. ಹುಡುಕೋಣ' ಎಂದರು ಮೇಡಂ. ಮಕ್ಕಳ ಮುಂದೆ ಈ ಮಾತು ಹೇಳಿದ್ದು ಇದೇ ಮೊದಲು ಎಂದು ಆಮೇಲೆ ನನಗೆ ತಿಳಿಸಿದರು.

ಕಾರಣ ಸಿಕ್ಕಿತು, ಮತ್ತು ಅದು ಚೆಂದದ ಕಾರಣ. ಸಿಮ್ಯುಲೇಶನ್‌ನಲ್ಲಿ ಅವರು ಬಳಸಿದ ಬಲ್ಬಿನ ರೋಧ ಯಾವಾಗಲೂ 10 ಓಮ್. ನಿಜವಾದ ಬಲ್ಬಿನ ಟಂಗ್‌ಸ್ಟನ್ ತಂತು ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ಸರಣಿಯಲ್ಲಿ ಎರಡು ಬಲ್ಬ್ ಇದ್ದಾಗ ಪ್ರತಿಯೊಂದಕ್ಕೂ ಅರ್ಧ ವೋಲ್ಟೇಜ್ ಮಾತ್ರ. ತಂತು ಅಷ್ಟು ಬಿಸಿಯಾಗುವುದಿಲ್ಲ, ರೋಧ ಕಡಿಮೆ ಇರುತ್ತದೆ. ಹಾಗಾಗಿ ಕರೆಂಟ್ ಅರ್ಧಕ್ಕಿಂತ ಹೆಚ್ಚು. ಇದನ್ನು ಪರೀಕ್ಷಿಸಲು ಬಲ್ಬಿನ ಬದಲು ಸಾಮಾನ್ಯ ರೆಸಿಸ್ಟರ್‌ಗಳನ್ನು ಹಾಕಿ ಅಳೆಯೋಣ ಎಂದದ್ದು ಒಬ್ಬ ವಿದ್ಯಾರ್ಥಿ. ಹಾಕಿದರು. ಕರೆಂಟ್ ಅರ್ಧದ ಹತ್ತಿರಕ್ಕೆ ಬಂತು. ಟ್ಯಾಬ್ ಸುಳ್ಳಲ್ಲ, ಮೀಟರ್ ಕೆಟ್ಟಿಲ್ಲ. ಮಾದರಿ ಸರಳವಾಗಿತ್ತು, ಅಷ್ಟೇ.

ಮೇಡಂಗೆ ರೋಧ ಮತ್ತು ತಾಪದ ಸಂಬಂಧ ಗೊತ್ತಿರಲಿಲ್ಲ ಎಂದಲ್ಲ. ಪದವಿಯಲ್ಲಿ ಓದಿದ್ದರು, ಪರೀಕ್ಷೆಯಲ್ಲಿ ಬರೆದಿದ್ದರು. ಕಣ್ಣ ಮುಂದಿನ ಬಲ್ಬಿಗೆ ಅದು ಅನ್ವಯಿಸುತ್ತದೆ ಎಂದು ಹೊಳೆದದ್ದು ಈಗ. ಮಕ್ಕಳ ಲೆಕ್ಕವೂ ನಂಬಿಕೆಯೂ ಬೇರೆ ಬೇರೆ ಕಡೆ ಕೂತಿದ್ದ ಹಾಗೆಯೇ ಅವರ ಓದೂ ಅನುಭವವೂ ಬೇರೆ ಬೇರೆ ಕಡೆ ಇದ್ದವು. ಅದನ್ನು ಅವರು ತಾವೇ ಗುರುತಿಸಿದರು. ಮಕ್ಕಳ ತಪ್ಪು ಉತ್ತರಗಳ ಬಗ್ಗೆ ಅವರ ದನಿ ಆ ಮೇಲೆ ಮೃದುವಾಯಿತು.

ಏನು ಬದಲಾಯಿತು, ಏನು ಆಗಲಿಲ್ಲ

ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1986ರಲ್ಲಿ ಒಂದು ಮಾತು ಹೇಳಿದರು. ವಿಷಯ ಗೊತ್ತಿರುವುದು ಬೇರೆ, ಪಾಠ ಮಾಡುವ ಕಲೆ ಗೊತ್ತಿರುವುದು ಬೇರೆ. ಒಂದು ನಿರ್ದಿಷ್ಟ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಅದನ್ನು ಅವರಿಗೆ ಹೇಗೆ ತಲುಪಿಸಬೇಕು ಎಂಬ ತಿಳಿವಳಿಕೆಯೇ ಶಿಕ್ಷಕರ ವಿಶೇಷ ಜ್ಞಾನ. ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ವಿಷಯ, ಬೋಧನೆ, ತಂತ್ರಜ್ಞಾನ ಈ ಮೂರೂ ಒಂದರೊಳಗೊಂದು ಬೆರೆಯಬೇಕು ಎನ್ನುವುದು ಅವರ ವಾದ. ನಮ್ಮ ಮೇಡಂಗೆ ಟ್ಯಾಬ್ ಬಳಸಲು ಮೊದಲೇ ಬರುತ್ತಿತ್ತು, ವಿಷಯವೂ ಗೊತ್ತಿತ್ತು. ಬೆಳೆದದ್ದು ಇವೆರಡರ ಮಧ್ಯದ ಭಾಗ, ಅಂದರೆ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬ ತಿಳಿವಳಿಕೆ. ಈ ತರಗತಿಯ ಮಕ್ಕಳು ಕರೆಂಟಿನ ಬಗ್ಗೆ ಏನೇನು ನಂಬಿದ್ದಾರೆ ಎನ್ನುವುದು ಈಗ ಅವರ ಪುಟ್ಟ ಪುಸ್ತಕದಲ್ಲಿದೆ. ಶಿಕ್ಷಕರ ತರಬೇತಿ ಎಂದರೆ ಆ್ಯಪ್ ಬಳಕೆ ಕಲಿಸುವುದು ಎಂದುಕೊಂಡವರು ಇದನ್ನು ಗಮನಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಗುಂಡಿ ಎಲ್ಲಿದೆ ಎಂದು ಹೇಳಿಕೊಡಲು ಒಂದು ಗಂಟೆ ಸಾಕು. ಮಕ್ಕಳ ಮಾತಿಗೆ ಕಿವಿ ಕೊಡುವುದನ್ನು ಕಲಿಯಲು ಜೊತೆಗೊಬ್ಬರು ಬೇಕು, ಸಮಯ ಬೇಕು, ತಪ್ಪಾದರೆ ಬೈಯದ ವಾತಾವರಣ ಬೇಕು.

ಸಿಮ್ಯುಲೇಶನ್ ಬಂದರೆ ನಿಜವಾದ ಪ್ರಯೋಗ ಹಾಳಾಗುತ್ತದೆ ಎಂದು ಹಲವರು ಹೆದರುತ್ತಾರೆ. 2005ರಲ್ಲಿ ನೋವಾ ಫಿಂಕಲ್‌ಸ್ಟೀನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಸರ್ಕ್ಯೂಟ್ ಸಿಮ್ಯುಲೇಶನ್‌ನಲ್ಲಿ ಕಲಿತವರು ನಿಜವಾದ ಸರ್ಕ್ಯೂಟ್ ಕಟ್ಟುವುದರಲ್ಲೂ ಹಿಂದೆ ಬೀಳಲಿಲ್ಲ. ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮುಂದೆಯೇ ಇದ್ದರು. ಈ ತರಗತಿಯಲ್ಲಿ ನಾನು ಕಂಡದ್ದು ಅದಕ್ಕೆ ಇನ್ನೊಂದನ್ನು ಸೇರಿಸುತ್ತದೆ: ಎರಡನ್ನೂ ಎದುರುಬದುರು ಇಟ್ಟಾಗ ಹುಟ್ಟುವ ಪ್ರಶ್ನೆ, ಯಾವುದಾದರೂ ಒಂದರಲ್ಲಿ ಹುಟ್ಟುವುದಿಲ್ಲ.

ತೊಂದರೆಗಳೂ ಉಳಿದಿವೆ. ಟ್ಯಾಬ್ ಯಾರ ಕೈಗೆ ಬರುತ್ತದೋ ಅವರೇ ಗುಂಪಿನ ಯಜಮಾನರಾಗುತ್ತಿದ್ದರು. ಮೇಡಂ ಸರದಿ ನಿಯಮ ತಂದರು: ಟ್ಯಾಬ್ ಹಿಡಿದವರು ಮಾತಾಡುವಂತಿಲ್ಲ, ಉಳಿದವರು ಹೇಳಿದ್ದನ್ನು ಮಾಡಬೇಕು. ಸ್ವಲ್ಪ ಸುಧಾರಿಸಿತು. ಆದರೂ ಕೆಲವು ಮಕ್ಕಳು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಅವರ ಬರೆದ ಊಹೆಗಳು ಚೆನ್ನಾಗಿದ್ದವು, ಗುಂಪಿನಲ್ಲಿ ಮಾತ್ರ ಮೌನ. ನೆಟ್ ಕೈಕೊಟ್ಟ ದಿನ ಪಾಠವೇ ನಿಂತಿತ್ತು. ಆಮೇಲೆ ಸಿಮ್ಯುಲೇಶನ್ ಫೈಲನ್ನು ಮೊದಲೇ ಇಳಿಸಿಟ್ಟುಕೊಳ್ಳತೊಡಗಿದರು, ಅದು ನೆಟ್ ಇಲ್ಲದೆಯೂ ನಡೆಯುತ್ತದೆ. ಪಾಠಕ್ಕೆ ಸಮಯವೂ ಜಾಸ್ತಿ ಹಿಡಿಯಿತು. ಮುಂದಿನ ಒಂದು ಪಾಠವನ್ನು ಅವಸರದಲ್ಲಿ ಹಳೆಯ ರೀತಿಯಲ್ಲೇ ಮುಗಿಸಬೇಕಾಯಿತು. ಅದರ ಬೆಲೆ ಮಕ್ಕಳು ತೆತ್ತರು, ಇದನ್ನು ಮುಚ್ಚಿಡುವುದು ಸರಿಯಲ್ಲ.

ದೊಡ್ಡ ತೊಡಕು ಪರೀಕ್ಷೆ. ಪ್ರಶ್ನೆಪತ್ರಿಕೆ ಈಗಲೂ ವ್ಯಾಖ್ಯೆ ಮತ್ತು ಲೆಕ್ಕವನ್ನೇ ಕೇಳುತ್ತದೆ. 'ಮೊದಲನೇ ಬಲ್ಬಿಗೆ ಮೊದಲೇ ಗೊತ್ತಾ' ಎಂದು ಕೇಳಿದ ಹುಡುಗನ ಆ ಪ್ರಶ್ನೆಗೆ ಅಲ್ಲಿ ಅಂಕ ಇಲ್ಲ. ಶಾಲೆಯ ಒಳಗಿನ ಕಿರುಪರೀಕ್ಷೆಗಳಲ್ಲಿ ಮೇಡಂ ಒಂದು ಬದಲಾವಣೆ ತಂದಿದ್ದಾರೆ: ಒಂದು ಪ್ರಶ್ನೆಯಲ್ಲಿ ಊಹೆ ಮತ್ತು ಕಾರಣ ಬರೆಯಬೇಕು, ಊಹೆ ತಪ್ಪಾಗಿದ್ದರೂ ಕಾರಣಕ್ಕೆ ಅಂಕ. ಸಹೋದ್ಯೋಗಿಗಳಲ್ಲಿ ಒಬ್ಬರು ಒಪ್ಪಿದ್ದಾರೆ, ಇನ್ನು ಕೆಲವರು ಒಪ್ಪಿಲ್ಲ. ತಪ್ಪು ಉತ್ತರಕ್ಕೆ ಅಂಕ ಕೊಟ್ಟರೆ ಮಕ್ಕಳು ಹಾಳಾಗುತ್ತಾರೆ ಎಂಬುದು ಅವರ ವಾದ. ಮಾತುಕತೆ ನಡೆಯುತ್ತಿದೆ.

ಮುಂದಿನ ಪಾಠ ಬೆಳಕು. ಪೀನ ಮಸೂರದ ಮೇಲಿನ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪರದೆಯ ಮೇಲಿನ ಬಿಂಬ ಏನಾಗುತ್ತದೆ ಎಂದು ಮೇಡಂ ಈಗಾಗಲೇ ಮಕ್ಕಳಿಂದ ಊಹೆ ಬರೆಸಿಕೊಂಡಿದ್ದಾರೆ. ಬಿಂಬ ಪೂರ್ತಿಯಾಗಿಯೇ ಬರುತ್ತದೆ, ಬೆಳಕು ಮಾತ್ರ ಕಡಿಮೆಯಾಗುತ್ತದೆ. ಹೆಚ್ಚಿನ ಮಕ್ಕಳು 'ಅರ್ಧ ಬಿಂಬ' ಎಂದು ಬರೆದಿದ್ದಾರೆ. ಅರ್ಧ ಎಂದವರಲ್ಲೂ ಕಾರಣಗಳು ನಾಲ್ಕು ಬಗೆ ಇವೆ. ಅವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂದು ಅವರು ನನ್ನನ್ನು ಕೇಳಿದ್ದಾರೆ. ಈ ವಾರ ಕೂತು ಮಾತಾಡಲಿದ್ದೇವೆ.